ಕಣ್ಣು ಮುಚ್ಚಿಕೊಳ್ಳಲಾಗದ ಭಯ

ಭಯವಾದಾಗ ಕಣ್ಣು ಮುಚ್ಚಿಕೊಳ್ಳುವುದು ಮನುಷ್ಯನ ಸ್ವಭಾವ. ಇಂಜೆಕ್ಷನ್ ಚುಚ್ಚುವಾಗ ಮಗು ಕಣ್ಣು ಮುಚ್ಚುತ್ತದೆ. ಸಿಡಿಲು ಬಡಿದಾಗ ದೊಡ್ಡವರೂ ಮುಚ್ಚುತ್ತಾರೆ. ನೋಡಲಾಗದ ದೃಶ್ಯ ಎದುರಾದರೆ ಮುಖ ತಿರುಗಿಸುತ್ತೇವೆ. ರೆಪ್ಪೆ ಎಂಬುದು ಹುಟ್ಟಿನಿಂದಲೇ ನಮಗೆ ಸಿಕ್ಕಿರುವ ಪುಟ್ಟ ಬಾಗಿಲು. ಬೇಡವಾದದ್ದನ್ನು ಹೊರಗಿಡಲು ಅದೊಂದೇ ಸಾಕು. ಆದರೆ ಶಸ್ತ್ರಚಿಕಿತ್ಸೆ ನಡೆಯಬೇಕಾಗಿರುವುದು ಕಣ್ಣಿಗೇ ಆದರೆ? ಆಗ ಆ ಬಾಗಿಲನ್ನು ಮುಚ್ಚುವ ಅವಕಾಶ ನಮಗಿರುವುದಿಲ್ಲ. ರೆಪ್ಪೆಗಳನ್ನು ಸಣ್ಣದೊಂದು ಉಪಕರಣದಿಂದ ತೆರೆದಿಟ್ಟಿರುತ್ತಾರೆ. ಹೊಟ್ಟೆಯ ಆಪರೇಶನ್‌ನಂತೆ ಸಾಮಾನ್ಯವಾಗಿ ಪ್ರಜ್ಞೆ ತಪ್ಪಿಸುವುದೂ ಇಲ್ಲ. ರೋಗಿ ಎಚ್ಚರದಲ್ಲಿರುತ್ತಾನೆ. ವೈದ್ಯರ ಮಾತು, ಯಂತ್ರದ ಸದ್ದು, ತಟ್ಟೆಯಲ್ಲಿ ಸಲಕರಣೆ ಇಡುವ ಶಬ್ದ ಎಲ್ಲವೂ ಕೇಳಿಸುತ್ತಿರುತ್ತದೆ.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ ಶಸ್ತ್ರಚಿಕಿತ್ಸೆಗಳಲ್ಲೊಂದು. ಹಿರಿಯರಿರುವ ಯಾವ ಮನೆಯೂ ಈ ವಿಷಯಕ್ಕೆ ಹೊರತಲ್ಲ. ಆದರೂ ಇದರ ಭಯದ ಬಗ್ಗೆ ನಾವು ಮಾತಾಡುವುದು ಕಡಿಮೆ. ಯಾವ ಆಸ್ಪತ್ರೆ, ಎಷ್ಟು ಖರ್ಚು, ಯಾವ ಲೆನ್ಸ್ ಎಂದು ಚರ್ಚಿಸುತ್ತೇವೆ. ಕಣ್ಣು ಕೊಡಬೇಕಾದವರ ಮನಸ್ಸಿನಲ್ಲಿ ಏನಿದೆ ಎಂದು ಕೇಳುವುದಿಲ್ಲ. ಭಯಪಡುವುದು ವಿಶ್ವಾಸದ ಕೊರತೆಯೇ? ಧೈರ್ಯ ತುಂಬಲೆಂದು ಸುಳ್ಳು ಹೇಳಬಹುದೇ? ಹೆಸರಷ್ಟೇ ಗೊತ್ತಿರುವ ವೈದ್ಯರ ಕೈಗೆ ನಮ್ಮ ಕಣ್ಣನ್ನು ಯಾವ ಭರವಸೆಯ ಮೇಲೆ ಒಪ್ಪಿಸಬೇಕು? ಇವು ವೈದ್ಯಶಾಸ್ತ್ರ ಉತ್ತರಿಸುವ ಪ್ರಶ್ನೆಗಳಲ್ಲ. ನಮ್ಮ ನಮ್ಮೊಳಗೆ, ಮನೆಯೊಳಗೆ ಉತ್ತರ ಕಂಡುಕೊಳ್ಳಬೇಕಾದ ನೈತಿಕ ಪ್ರಶ್ನೆಗಳು.

ಉಮ್ಮ ಹೇಳಿದ ಕಾರಣ

ನಮ್ಮ ಉಮ್ಮನ ಎರಡೂ ಕಣ್ಣುಗಳಲ್ಲಿ ಪೊರೆ ಬಂದಿದೆಯೆಂದು ತಿಳಿದಾಗ ಅವರಿಗೆ ಅರುವತ್ತೆಂಟು ವರ್ಷ. ಮೊದಲು ಅಕ್ಕಿಯಲ್ಲಿನ ಕಲ್ಲು ಕಾಣದಾಯಿತು. ಬಳಿಕ ಸಂಜೆ ಹೊತ್ತಿನ ಅಂಗಳದ ಮೆಟ್ಟಿಲು. ಕೊನೆಗೆ ಸುಬಹ್ ನಮಾಝಿನ ನಂತರ ದಿನವೂ ಓದುತ್ತಿದ್ದ ದೊಡ್ಡ ಅಕ್ಷರದ ಕುರ್‌ಆನ್ ಕೂಡಾ ಮಂಜಾಯಿತು. ಆದರೆ ಅವರು ಅದನ್ನು ಯಾರಿಗೂ ಹೇಳಲಿಲ್ಲ. ಬಾಯಿಪಾಠವಿದ್ದ ಸೂರಾಗಳನ್ನು ಹೇಳಿಕೊಳ್ಳುತ್ತಾ ಪುಟ ಮಾತ್ರ ಮಗುಚುತ್ತಿದ್ದರು. ಸೂರಾ ಮುಗಿದು ಬಹಳ ಹೊತ್ತಾದರೂ ಅಜ್ಜಿಯ ಬೆರಳು ಮೊದಲ ಸಾಲಿನಲ್ಲೇ ಇದೆಯೆಂದು ಮೊಮ್ಮಗಳು ಒಂದು ದಿನ ಹೇಳಿದಾಗಲೇ ನಮಗೆ ವಿಷಯ ತಿಳಿದದ್ದು.

ವೈದ್ಯರು ಆಪರೇಶನ್ ಆಗಬೇಕೆಂದರು. ನಾವು ಮಕ್ಕಳೆಲ್ಲ ಸೇರಿ ಒಂದೇ ರಾಗದಲ್ಲಿ ಹೇಳಿದೆವು, "ಏನೂ ಇಲ್ಲ ಉಮ್ಮ, ಹತ್ತೇ ನಿಮಿಷ. ಈಗೆಲ್ಲ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುತ್ತಾರೆ." ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲವು ದಿನ ಸುಜೂದ್ ಮಾಡಲಿಕ್ಕಿಲ್ಲವಂತೆ. ಅಂಥಾ ಕಣ್ಣು ನನಗೆ ಬೇಡ" ಎಂದರು.

ಈ ಪ್ರಶ್ನೆ ಹೊಸತೇನಲ್ಲ. ಪ್ರವಾದಿಯವರ(ಸ) ಸಂಗಾತಿ ಇಬ್ನು ಅಬ್ಬಾಸ್(ರ) ಅವರ ಕಣ್ಣಿಗೆ ಪೊರೆ ಬಂದಾಗ, ಚಿಕಿತ್ಸೆಯ ಬಳಿಕ ಕೆಲವು ದಿನ ಮಲಗಿಯೇ ನಮಾಝ್ ಮಾಡಬೇಕೆಂದು ಚಿಕಿತ್ಸಕ ಹೇಳಿದ್ದನ್ನು ಅವರು ಒಪ್ಪಲಿಲ್ಲವೆಂಬ ವರದಿಯಿದೆ. ಅದೇ ವೇಳೆ ಪ್ರವಾದಿಪತ್ನಿ ಉಮ್ಮು ಸಲಮ(ರ) ಕಣ್ಣುಬೇನೆಯಿದ್ದಾಗ ದಿಂಬಿನ ಮೇಲೆ ಸುಜೂದ್ ಮಾಡಿದರೆಂಬ ವರದಿಯೂ ಇದೆ. ನಂತರದ ಕಾಲದ ಕರ್ಮಶಾಸ್ತ್ರಜ್ಞರಲ್ಲಿ ಅನೇಕರು, ನಂಬಿಕಸ್ಥ ವೈದ್ಯರು ಹೇಳಿದರೆ ಮಲಗಿ ಅಥವಾ ಕುಳಿತು ಸನ್ನೆಯಿಂದ ನಮಾಝ್ ನಿರ್ವಹಿಸಬಹುದೆಂದು ತೀರ್ಮಾನಿಸಿದ್ದಾರೆ. ನಮ್ಮ ಮಸೀದಿಯ ಉಸ್ತಾದರು ಮನೆಗೇ ಬಂದು ಉಮ್ಮನಿಗೆ ಇದನ್ನೆಲ್ಲ ವಿವರಿಸಿದರು. ಮುಖಕ್ಕೆ ನೀರು ತಾಗಿಸಬಾರದ ದಿನಗಳಲ್ಲಿ ವುಝೂವಿಗೂ ದಾರಿಯಿದೆ ಎಂದರು. ಉಮ್ಮ ತಲೆದೂಗಿದರು. ಆದರೆ ಒಪ್ಪಲಿಲ್ಲ.

ಆ ಬಳಿಕ ಬೇರೆ ಬೇರೆ ಕಾರಣಗಳು ಬಂದವು. ರಮಝಾನ್ ಕಳೆಯಲಿ ಎಂದರು. ಮಳೆಗಾಲ ಮುಗಿಯಲಿ ಎಂದರು. ಮೊಮ್ಮಗಳ ಮದುವೆ ಆಗಲಿ ಎಂದರು. ಮದುವೆಯೂ ಆಯಿತು. ಮದುಮಗಳ ಮುಖವನ್ನು ಉಮ್ಮ ಬೆರಳಿನಿಂದ ಸವರಿ ನೋಡಿದರು. ಹೀಗೆ ಎರಡು ವರ್ಷ ಹೋಯಿತು. ನಾವು ಅದನ್ನು ಹಠವೆಂದು ಕರೆದೆವು. ವಯಸ್ಸಾದವರು ಮಕ್ಕಳ ಹಾಗೆ ಎಂದು ನಕ್ಕೆವು.

ಕೊನೆಗೆ ಉಮ್ಮನ ಬಾಯಿ ಬಿಡಿಸಿದವರು ನಾವಲ್ಲ, ನೆರೆಮನೆಯ ಹಿರಿಯ ಮಹಿಳೆ. ಅವರ ಒಂದು ಕಣ್ಣಿನ ಆಪರೇಶನ್ ಆಗ ತಾನೇ ಮುಗಿದಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಬಂದು ಉಮ್ಮನ ಪಕ್ಕದಲ್ಲಿ ಕುಳಿತರು. ಏನೂ ಇಲ್ಲ ಎಂದು ಅವರು ಹೇಳಲಿಲ್ಲ. "ನನಗಂತೂ ಸಿಕ್ಕಾಪಟ್ಟೆ ಹೆದರಿಕೆಯಾಗಿತ್ತು. ಹಿಂದಿನ ರಾತ್ರಿ ನಿದ್ದೆಯೇ ಇಲ್ಲ. ನಿಮಗೆ ಯಾವುದರ ಹೆದರಿಕೆ?" ಎಂದು ಕೇಳಿದರು.

ಆಗ ಉಮ್ಮ ಹೇಳಿದ್ದನ್ನು ನಾವು ಅದುವರೆಗೆ ಕೇಳಿರಲಿಲ್ಲ. ಅವರ ಬಾಲ್ಯದಲ್ಲಿ ಮನೆಯಲ್ಲಿ ಒಬ್ಬರು ಸೋದರತ್ತೆಯಿದ್ದರು. ಶಾಲೆಯ ಕಟ್ಟಡವೊಂದರಲ್ಲಿ ಅವರ ಕಣ್ಣಿನ ಆಪರೇಶನ್ ಆಗಿತ್ತು. ಮನೆಗೆ ಬಂದ ಮೇಲೆ ಕಣ್ಣು ಕೀವಾಗಿ ದೃಷ್ಟಿ ಪೂರ್ತಿ ಹೋಯಿತು. ತಪ್ಪು ಯಾರದ್ದೆಂದು ಯಾರಿಗೂ ಗೊತ್ತಿಲ್ಲ. ಆಮೇಲಿನ ವರ್ಷಗಳನ್ನು ಆಕೆ ಅಣ್ಣನ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಕಳೆದರು. ಅವರನ್ನು ಕೈಹಿಡಿದು ಬಾವಿಕಟ್ಟೆಗೆ ಕರೆದೊಯ್ಯುವುದು ಹತ್ತು ವರ್ಷದ ಉಮ್ಮನ ಕೆಲಸವಾಗಿತ್ತು. "ಒಂದು ದಿನ ಆಟದ ಗಡಿಬಿಡಿಯಲ್ಲಿ ಅವರ ಕೈ ಬಿಟ್ಟು ಓಡಿದೆ. ಹಿಂದಿರುಗಿ ಬರುವಾಗ ಅವರು ದಾರಿಯ ಮಧ್ಯೆ ನಿಂತೇ ಇದ್ದರು. ನನ್ನ ಹೆಸರು ಕೂಡಾ ಕರೆಯಲಿಲ್ಲ" ಎಂದರು ಉಮ್ಮ.

ಅವರ ಭಯ ಕತ್ತರಿ-ಸೂಜಿಯದ್ದಾಗಿರಲಿಲ್ಲ. ತಾನೂ ಹಾಗೆ ದಾರಿಯ ಮಧ್ಯೆ ನಿಲ್ಲಬೇಕಾದೀತು ಎಂಬುದಾಗಿತ್ತು. ಸುಜೂದ್‌ನ ಮಾತು ಸುಳ್ಳೇನಲ್ಲ, ಅದರ ಬಗ್ಗೆ ಅವರಿಗೆ ನಿಜವಾದ ಕಳಕಳಿಯಿತ್ತು. ಆದರೆ ಭಯವು ಹೆಚ್ಚಾಗಿ ತನ್ನ ಸ್ವಂತ ಹೆಸರಿನಲ್ಲಿ ಬರುವುದಿಲ್ಲ. ಗೌರವ ಸಿಗುವ ಒಂದು ಕಾರಣವನ್ನು ಹೊದ್ದುಕೊಂಡು ಬರುತ್ತದೆ. ಒಬ್ಬರಿಗೆ ಅದು ನಮಾಝ್, ಇನ್ನೊಬ್ಬರಿಗೆ ಮಕ್ಕಳ ಖರ್ಚು, ಮತ್ತೊಬ್ಬರಿಗೆ ಮುಹೂರ್ತ. ನಾವು ಆ ಕಾರಣಕ್ಕೆ ಉತ್ತರ ಕೊಟ್ಟು ಗೆದ್ದೆವೆಂದುಕೊಳ್ಳುತ್ತೇವೆ. ಭಯ ಅಲ್ಲೇ ಇರುತ್ತದೆ.

ಭಯ ಅವಿಶ್ವಾಸವೇ?

ಧಾರ್ಮಿಕ ಮನೆಗಳಲ್ಲಿ ಒಂದು ಮಾತು ಬಹಳ ಸುಲಭವಾಗಿ ಬಂದುಬಿಡುತ್ತದೆ. "ಅಲ್ಲಾಹನ ಮೇಲೆ ಭರವಸೆಯಿಡಿ, ಹೆದರಬೇಡಿ." ಭಾವನೆ ಒಳ್ಳೆಯದೇ. ಆದರೆ ಹೆದರಿದವರಿಗೆ ಅದು ಬೇರೆಯೇ ಆಗಿ ಕೇಳಿಸುತ್ತದೆ. ಹೆದರಿದ್ದೀರಿ ಎಂದಾದರೆ ನಿಮ್ಮ ಭರವಸೆ ಕಡಿಮೆಯಾಗಿದೆ ಎಂದು. ಆಗ ಭಯದ ಜೊತೆಗೆ ಅಪರಾಧಪ್ರಜ್ಞೆಯೂ ಸೇರಿಕೊಳ್ಳುತ್ತದೆ. ಮನುಷ್ಯ ಬಾಯಿ ಮುಚ್ಚಿಕೊಳ್ಳುತ್ತಾನೆ.

ಕುರ್‌ಆನ್ ಹೇಳುವ ಪ್ರವಾದಿಗಳ ಕಥನಗಳು ಹಾಗಿಲ್ಲ. ಕೈಯ ಕೋಲು ಹಾವಾದಾಗ ಮೂಸಾ(ಅ) ಹೆದರಿ ಹಿಂದೆ ಓಡುತ್ತಾರೆ. ಅದಕ್ಕಾಗಿ ಅವರ ಪ್ರವಾದಿತ್ವಕ್ಕೆ ಕುಂದಾಗುವುದಿಲ್ಲ. ಕಳೆದುಹೋದ ಮಗನಿಗಾಗಿ ದುಃಖಿಸಿ ದುಃಖಿಸಿ ಯಾಕೂಬ್(ಅ) ಅವರ ಕಣ್ಣುಗಳು ಬೆಳ್ಳಗಾಗುತ್ತವೆ. ಮಗ ಯೂಸುಫರ(ಅ) ಅಂಗಿಯನ್ನು ಮುಖದ ಮೇಲೆ ಹಾಕಿದಾಗ ದೃಷ್ಟಿ ಮರಳುತ್ತದೆ. ಅಷ್ಟು ಅತ್ತವರನ್ನು ಕುರ್‌ಆನ್ ಸಹನೆಗೆ ಮಾದರಿಯಾಗಿ ತೋರಿಸುತ್ತದೆಯೇ ಹೊರತು ಅವಿಶ್ವಾಸಕ್ಕೆ ಅಲ್ಲ. ಒಂಟೆಯನ್ನು ಕಟ್ಟದೆಯೇ ದೇವನ ಮೇಲೆ ಭರವಸೆಯಿಡಲೇ ಎಂದು ಕೇಳಿದವನಿಗೆ, ಮೊದಲು ಕಟ್ಟಿಹಾಕುವಂತೆ ಪ್ರವಾದಿಯವರು(ಸ) ಹೇಳಿದ ಪ್ರಸಂಗ ನಮಗೆಲ್ಲ ಗೊತ್ತು. ಒಂಟೆ ಕಳೆದುಹೋದೀತು ಎಂಬ ಭಯವನ್ನು ಅಲ್ಲಿ ತಪ್ಪೆನ್ನಲಿಲ್ಲ. ಆ ಭಯಕ್ಕೆ ಒಂದು ಕೆಲಸ ಕೊಡಲಾಯಿತು.

ಕಣ್ಣಿನ ವಿಷಯದಲ್ಲೂ ಭಯಕ್ಕೆ ಕೆಲಸವಿದೆ. ಒಳ್ಳೆಯ ವೈದ್ಯರನ್ನು ಹುಡುಕಿಸುವುದು, ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರಿಸುವುದು, ಹೇಳಿದ ಹೊತ್ತಿಗೆ ಹನಿ ಹಾಕಿಸುವುದು ಅದೇ ಭಯ. ಅದನ್ನು ಓಡಿಸುವುದಲ್ಲ, ಅದು ಯಜಮಾನನಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಸಮಾಧಾನದ ಸುಳ್ಳು

"ಏನೂ ಇಲ್ಲ" ಎಂಬುದು ನಮ್ಮ ನಾಡಿನ ಅತ್ಯಂತ ಜನಪ್ರಿಯ ಸುಳ್ಳು. ಪ್ರೀತಿಯಿಂದ ಹೇಳುವ ಸುಳ್ಳಾದ್ದರಿಂದ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಅದರಿಂದ ನಿಜವಾಗಿ ಸಮಾಧಾನ ಸಿಗುವುದು ಯಾರಿಗೆ? ಹೇಳಿದವರಿಗೆ. ಇನ್ನೊಬ್ಬರ ಭಯವನ್ನು ಕುಳಿತು ಕೇಳಬೇಕಾದ ಕಷ್ಟದಿಂದ ಆ ಎರಡು ಪದಗಳು ನಮ್ಮನ್ನು ಪಾರುಮಾಡುತ್ತವೆ.

ನಿಜ ಹೇಳುವುದರಿಂದ ಭಯ ಹೆಚ್ಚುತ್ತದೆಯೇ? ನಿಜ ಏನೆಂದು ನೋಡೋಣ. ಪಾಪೆಯ ಹಿಂದಿರುವ ಪಾರದರ್ಶಕ ಮಸೂರ ವಯಸ್ಸಾದಂತೆ ಮಬ್ಬಾಗುವುದೇ ಪೊರೆ. ಅದನ್ನು ಕರಗಿಸುವ ಔಷಧಿಯಿಲ್ಲ, ಶಸ್ತ್ರಚಿಕಿತ್ಸೆಯೊಂದೇ ದಾರಿ. ಕಣ್ಣಿಗೆ ಹನಿ ಹಾಕಿ ಅಥವಾ ಕಣ್ಣಿನ ಪಕ್ಕಕ್ಕೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತಾರೆ. ಮುಖದ ಮೇಲೆ ಬಟ್ಟೆ ಹೊದಿಸುತ್ತಾರೆ. ಇದರಿಂದ ಕೆಲವರಿಗೆ ಉಸಿರುಗಟ್ಟಿದಂತಾಗುತ್ತದೆ. ಮೊದಲೇ ಹೇಳಿದರೆ ಅದಕ್ಕೆ ವ್ಯವಸ್ಥೆ ಮಾಡುತ್ತಾರೆ. ರೆಪ್ಪೆಯನ್ನು ಉಪಕರಣ ಹಿಡಿದಿಟ್ಟಿರುವುದರಿಂದ ಕಣ್ಣು ಮಿಟುಕಿಸಿದರೇನು ಗತಿ ಎಂಬ ಹೆದರಿಕೆಗೆ ಕಾರಣವಿಲ್ಲ. ಫೇಕೋ ವಿಧಾನದಲ್ಲಿ ಎರಡು-ಮೂರು ಮಿಲಿಮೀಟರಿನ ಸಣ್ಣ ಸೀಳಿನ ಮೂಲಕ ಶಬ್ದಾತೀತ ಕಂಪನಗಳಿಂದ ಮಬ್ಬಾದ ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುತ್ತಾರೆ. ಮಡಚಿದ ಕೃತಕ ಮಸೂರವನ್ನು ಅದೇ ದಾರಿಯಲ್ಲಿ ಒಳಗಿಡುತ್ತಾರೆ. ಅದು ಒಳಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸಲಕರಣೆಗಳು ಕಣ್ಣಿನತ್ತ ಬರುವುದು ಸ್ಪಷ್ಟವಾಗಿ ಕಾಣಿಸುತ್ತದೆ ಎಂಬುದು ಹೆಚ್ಚಿನವರ ಕಲ್ಪನೆ. ಸಾಮಾನ್ಯವಾಗಿ ಕಾಣುವುದು ಪ್ರಖರವಾದ ಬೆಳಕು, ಅದರಲ್ಲಿ ತೇಲುವ ಬಣ್ಣಗಳು. ಇದು ಮೊದಲೇ ಗೊತ್ತಿಲ್ಲದವರು ಆ ಬಣ್ಣಗಳನ್ನು ಕಂಡು, ಏನೋ ಕೆಟ್ಟಿತು ಎಂದು ಗಾಬರಿಯಾಗುತ್ತಾರೆ. ಗೊತ್ತಿದ್ದವರು ನೋಡುತ್ತಾ ಮಲಗಿರುತ್ತಾರೆ.

ಆಪರೇಶನ್‌ನ ದಿನ ನಮಗೊಂದು ಪಾಠವಾಯಿತು. ಆಸ್ಪತ್ರೆಯ ಸಿಬ್ಬಂದಿಯೊಬ್ಬರು ಒಪ್ಪಿಗೆ ಪತ್ರ ತಂದು ನಮ್ಮ ಕೈಗೆ ಕೊಟ್ಟರು. ನಾವು ಓದದೆಯೇ ಸಹಿ ಹಾಕಿ, ಉಮ್ಮನ ಬೆರಳನ್ನು ಹಿಡಿದು ಸಹಿಯ ಜಾಗ ತೋರಿಸಿದೆವು. ಉಮ್ಮ ಕೈ ಹಿಂದೆಗೆದು, "ಏನು ಬರೆದಿದ್ದಾರೆ ಓದು" ಎಂದರು. ಓದಬೇಕಾಯಿತು. ಸೋಂಕಿನ ಸಾಧ್ಯತೆ, ಊತದ ಸಾಧ್ಯತೆ, ಮತ್ತೊಮ್ಮೆ ಆಪರೇಶನ್ ಬೇಕಾಗುವ ಸಾಧ್ಯತೆ, ಬಹಳ ಅಪರೂಪವಾಗಿ ದೃಷ್ಟಿ ಹೋಗುವ ಸಾಧ್ಯತೆ. ನಮ್ಮ ಸ್ವರ ಸಣ್ಣದಾಗುತ್ತಾ ಹೋಯಿತು. ಈ ಸೋಂಕು ಒಳ್ಳೆಯ ಆಸ್ಪತ್ರೆಗಳಲ್ಲಿ ಸಾವಿರಕ್ಕೆ ಒಂದರ ಆಸುಪಾಸು, ಹಲವೆಡೆ ಅದಕ್ಕಿಂತಲೂ ಕಡಿಮೆ, ನೋವು ಅಥವಾ ಕೆಂಪು ಹೆಚ್ಚಾದರೆ, ಮಂಜು ಕವಿದರೆ ರಾತ್ರಿಯಾದರೂ ಬನ್ನಿ ಎಂದು ವೈದ್ಯರು ಹೇಳಿದರು. ಉಮ್ಮ ಎಲ್ಲವನ್ನೂ ಕೇಳಿ ಸಹಿ ಹಾಕಿದರು. "ಇಷ್ಟನ್ನು ಎರಡು ವರ್ಷದ ಹಿಂದೆಯೇ ಹೇಳಿದ್ದರೆ ಆಗುತ್ತಿತ್ತಲ್ಲ" ಎಂದರು. ಅತ್ತೆಯ ಕಣ್ಣು ಹೋದದ್ದು ಅವರಿಗೆ ಗೊತ್ತಿತ್ತು. ಅದು ಸಾವಿರಕ್ಕೆ ಎಷ್ಟು ಎಂಬುದು ಗೊತ್ತಿರಲಿಲ್ಲ. ಏನೂ ಇಲ್ಲ ಎಂದು ನಾವು ಹೇಳಿದ್ದನ್ನು ಅವರು ನಂಬದಿದ್ದುದು ಸರಿಯೇ ಆಗಿತ್ತು, ಯಾಕೆಂದರೆ ಅವರು ಕಂಡದ್ದು ಏನೋ ಇತ್ತು.

ಕುರುಡಲ್ಲದ ನಂಬಿಕೆ

ಕಣ್ಣನ್ನು ಇನ್ನೊಬ್ಬರ ಕೈಗೊಪ್ಪಿಸುವುದು ಬಹಳ ಹಳೆಯ ಧೈರ್ಯ. ಪೊರೆಯ ಚಿಕಿತ್ಸೆಯನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಚಿಕಿತ್ಸೆಯ ಬಳಿಕ ರೋಗಿ ಕೆಮ್ಮು, ಸೀನು, ತೇಗುಗಳನ್ನು ತಡೆದುಕೊಳ್ಳಬೇಕೆಂಬ ಎಚ್ಚರಿಕೆಯೂ ಅದರಲ್ಲಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಕೈರೋದಲ್ಲಿದ್ದ ಅಮ್ಮಾರ್ ಇಬ್ನು ಅಲಿ ಅಲ್ ಮೌಸಿಲಿ ಎಂಬ ನೇತ್ರವೈದ್ಯರು ಟೊಳ್ಳು ಸೂಜಿಯಿಂದ ಪೊರೆಯನ್ನು ಹೀರಿ ತೆಗೆಯುವ ವಿಧಾನವನ್ನು ಬರೆದಿಟ್ಟರು. ಮರಗಟ್ಟಿಸುವ ಔಷಧಿಯಿಲ್ಲದ ಆ ಕಾಲದಲ್ಲಿ ಅವರ ಮುಂದೆ ಕುಳಿತವರ ಎದೆ ಎಷ್ಟು ಬಡಿದುಕೊಂಡಿರಬೇಕು! ವೈದ್ಯರ ಹೆಸರು ಇತಿಹಾಸದಲ್ಲಿ ಉಳಿಯಿತು. ನಂಬಿ ಕುಳಿತವರ ಹೆಸರು ಉಳಿಯಲಿಲ್ಲ. ಆದರೆ ಅವರು ಕುಳಿತಿರದಿದ್ದರೆ ಈ ವಿದ್ಯೆಯೇ ಬೆಳೆಯುತ್ತಿರಲಿಲ್ಲ.

ಕೃತಕ ಮಸೂರದ ಕಥೆಯೂ ಹಾಗೆಯೇ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ ಗಮನಿಸಿದರು. ಅದೇ ವಸ್ತುವಿನಿಂದ ಮಾಡಿದ ಮಸೂರವನ್ನು 1949ರ ನವೆಂಬರ್‌ನಲ್ಲಿ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಒಬ್ಬ ಮಹಿಳೆಯ ಕಣ್ಣಿಗೆ ಇಟ್ಟರು. ವೈದ್ಯಲೋಕ ಬಹಳ ಕಾಲ ಅವರನ್ನು ವಿರೋಧಿಸಿತು. ವೃದ್ಧಾಪ್ಯದಲ್ಲಿ ರಿಡ್ಲಿಯವರಿಗೇ ಪೊರೆ ಬಂತು. ಅವರೂ ರೋಗಿಯಾಗಿ ಮಲಗಿ, ತಾವೇ ಕಂಡುಹಿಡಿದ ಮಸೂರವನ್ನು ಇನ್ನೊಬ್ಬರ ಕೈಯಿಂದ ಇಡಿಸಿಕೊಂಡರು. ಜಗತ್ತಿನ ಯಾವ ಶಸ್ತ್ರವೈದ್ಯನೂ ತನ್ನ ಕಣ್ಣಿನ ಆಪರೇಶನ್ ತಾನೇ ಮಾಡಿಕೊಳ್ಳಲಾರ. ಇಲ್ಲಿ ಎಲ್ಲರೂ ಇನ್ನೊಬ್ಬರ ಕೈಗೆ ಬರಲೇಬೇಕು.

ನಮ್ಮ ನಾಡಿನ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರು ಸುತ್ತಿ ಶಿಬಿರಗಳಲ್ಲಿ ಲಕ್ಷಾಂತರ ಬಡವರ ಕಣ್ಣಿಗೆ ಚಿಕಿತ್ಸೆ ಮಾಡಿದರು. 2005ರಲ್ಲಿ ಅವರು ತೀರಿಕೊಂಡಾಗ ಕಣ್ಣು ತುಂಬಿಕೊಂಡವರಲ್ಲಿ ಎಷ್ಟೋ ಜನರಿಗೆ ಆ ಕಣ್ಣು ಕಾಣುವಂತೆ ಮಾಡಿದ್ದೇ ಅವರು. ಮಧುರೈಯ ಡಾ. ಜಿ. ವೆಂಕಟಸ್ವಾಮಿಯವರ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಅವರು ನಿವೃತ್ತಿಯ ಬಳಿಕ 1976ರಲ್ಲಿ ಹನ್ನೊಂದು ಹಾಸಿಗೆಗಳಿಂದ ಅರವಿಂದ ಕಣ್ಣಾಸ್ಪತ್ರೆಯನ್ನು ಆರಂಭಿಸಿದರು. 1992ರಿಂದ ಅದರ ಅರೋಲ್ಯಾಬ್ ಕಡಿಮೆ ಬೆಲೆಯ ಮಸೂರಗಳನ್ನು ತಯಾರಿಸತೊಡಗಿದ ಮೇಲೆ ಬಡವರಿಗೂ ಅದು ಎಟಕುವಂತಾಯಿತು. ಆದರೆ ಬೆಲೆ ಇಳಿದ ಮಾತ್ರಕ್ಕೆ ಜನ ಬರುವುದಿಲ್ಲ ಎಂಬುದನ್ನೂ ಅಲ್ಲಿಯವರು ಕಂಡುಕೊಂಡರು. ಮೊದಲೇ ಶಸ್ತ್ರಚಿಕಿತ್ಸೆ ಆದವರನ್ನು ಮನೆಮನೆಗೆ ಕಳುಹಿಸಿ ಮಾತಾಡಿಸುವ ಕ್ರಮವನ್ನು ಆ ಭಾಗದ ಹಳ್ಳಿಗಳಲ್ಲಿ ಪರೀಕ್ಷಿಸಿ ನೋಡಲಾಯಿತು. ರೋಗಿಯ ಭಾಷೆಯಲ್ಲೇ ಕುಳಿತು ವಿವರಿಸುವ ಆಪ್ತಸಲಹೆಗಾರರನ್ನು ಆಸ್ಪತ್ರೆಯಲ್ಲಿ ನೇಮಿಸಲಾಯಿತು. ನಮ್ಮ ನೆರೆಮನೆಯವರು ಯಾವ ತರಬೇತಿಯೂ ಇಲ್ಲದೆ ಮಾಡಿದ್ದು ಇದನ್ನೇ.

ನಂಬಿಕೆಯೆಂದರೆ ಪ್ರಶ್ನೆ ಕೇಳದಿರುವುದಲ್ಲ. ಮೂಕವಾಗಿ ತಲೆಬಾಗುವುದನ್ನು ನಾವು ವೈದ್ಯರಿಗೆ ಕೊಡುವ ಗೌರವವೆಂದು ತಿಳಿದಿದ್ದೇವೆ. ನನ್ನ ಕಣ್ಣಿಗೆ ಯಾವ ವಿಧಾನ, ಏಕೆ? ದುಬಾರಿ ಮಸೂರದಿಂದ ನನಗೆ ನಿಜವಾಗಿ ಪ್ರಯೋಜನವಿದೆಯೇ? ಪೊರೆಯ ಹಿಂದೆ ಅಕ್ಷಿಪಟಲ ಸರಿಯಾಗಿದೆಯೇ? ಎಷ್ಟು ದಿನ ಬಾಗಬಾರದು, ನೀರು ತಾಗಿಸಬಾರದು? ಇವನ್ನು ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. ಕೇಳಿ, ತಿಳಿದು, ಆಮೇಲೆ ಒಪ್ಪಿಸಿಬಿಡಬೇಕು. ಒಂಟೆ ಕಟ್ಟಿಯಾದ ಮೇಲೆ ರಾತ್ರಿಯಿಡೀ ಹಗ್ಗ ಹಿಡಿದು ಕುಳಿತಿರುವುದೂ ಭರವಸೆಯಲ್ಲ.

ಎರಡೂ ಫಲಿತಾಂಶಕ್ಕೆ ಸಿದ್ಧತೆ

ಮನಸ್ಸನ್ನು ಸಿದ್ಧಪಡಿಸುವುದೆಂದರೆ ಎಲ್ಲ ಒಳ್ಳೆಯದೇ ಆಗುತ್ತದೆ ಎಂದು ನಂಬಿಸುವುದಲ್ಲ. ಪೊರೆ ತೆಗೆದರೂ ಕೆಲವರಿಗೆ ಗ್ಲುಕೋಮಾದಿಂದಲೋ ಸಕ್ಕರೆ ಕಾಯಿಲೆಯಿಂದ ಹಾಳಾದ ಅಕ್ಷಿಪಟಲದಿಂದಲೋ ಪೂರ್ತಿ ದೃಷ್ಟಿ ಬರುವುದಿಲ್ಲ. ಗಣಿತಜ್ಞ ಆಯ್ಲರ್ 1771ರಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಸ್ವಲ್ಪ ದಿನ ಕಂಡಿತು, ಮತ್ತೆ ಹೋಯಿತು. ಅದರ ಬಳಿಕವೂ ಬಾಯಲ್ಲಿ ಹೇಳಿ ಬರೆಸಿದ ಅವರ ಗಣಿತ ಒಂದು ಗ್ರಂಥಭಂಡಾರವೇ ಆಯಿತು. ಗದಗದ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಎಷ್ಟೋ ಅಂಧ ಮಕ್ಕಳಿಗೆ ಸಂಗೀತವನ್ನೂ ಅನ್ನವನ್ನೂ ಕೊಟ್ಟರು. ಪ್ರವಾದಿಯವರು(ಸ) ಮದೀನಾದಿಂದ ಹೊರಹೋದಾಗ ಅಲ್ಲಿನ ಹೊಣೆ ಹೊತ್ತವರಲ್ಲಿ ಅಂಧರಾದ ಇಬ್ನು ಉಮ್ಮಿ ಮಕ್ತೂಮ್(ರ) ಇದ್ದರು. ಕಣ್ಣಿಲ್ಲದ ಬದುಕು ಬದುಕೇ ಅಲ್ಲ ಎಂದು ಹೇಳಿ ನಾವು ಆಪರೇಶನ್‌ಗೆ ಒಪ್ಪಿಸಲು ನೋಡುತ್ತೇವಲ್ಲ, ಅದು ಇವರೆಲ್ಲರಿಗೆ ಮಾಡುವ ಅವಮಾನ. ಅಲ್ಲದೆ ರೋಗಿಯ ಭಯವನ್ನೂ ಅದು ಇಮ್ಮಡಿಸುತ್ತದೆ.

ಉಮ್ಮನ ಸೋದರತ್ತೆಯನ್ನು ಕಂಗೆಡಿಸಿದ್ದು ಕುರುಡುತನವೊಂದೇ ಅಲ್ಲ, ದಾರಿಯ ಮಧ್ಯೆ ಬಿಟ್ಟುಹೋದ ಕೈ. ಆದ್ದರಿಂದ ಉಮ್ಮನಿಗೆ ಬೇಕಾಗಿದ್ದ ಭರವಸೆ ಕಣ್ಣು ಬಂದೇ ಬರುತ್ತದೆ ಎಂಬುದಲ್ಲ, ಬಾರದಿದ್ದರೂ ನಿಮ್ಮ ಕೈ ಬಿಡುವುದಿಲ್ಲ ಎಂಬುದು. ಮೊದಲನೆಯದನ್ನು ಹೇಳುವ ಅಧಿಕಾರ ಯಾವ ಮಗನಿಗೂ ಇಲ್ಲ. ಎರಡನೆಯದನ್ನು ಹೇಳಬೇಕಾದವರು ನಾವೇ. ನಾವು ಎರಡು ವರ್ಷ ಹೇಳಿದ್ದು ಮೊದಲನೆಯದನ್ನು ಮಾತ್ರ.

ಕೈ ಹಿಡಿಯುವುದು ಬರೇ ಮಾತಿನ ಅಲಂಕಾರವಲ್ಲ. ಪೊರೆಯ ಶಸ್ತ್ರಚಿಕಿತ್ಸೆ ನಡೆಯುವಾಗ ರೋಗಿಯ ಕೈ ಹಿಡಿದುಕೊಂಡಿದ್ದರೆ ಆತಂಕ ಕಡಿಮೆಯಾಗುತ್ತದೆಂದು ಕೊರಿಯಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಮ್ಮನ್ನು ಆಪರೇಶನ್ ಕೋಣೆಯೊಳಗೆ ಬಿಡಲಿಲ್ಲ. ಒಳಗಿದ್ದ ದಾದಿಯೊಬ್ಬರು ಬಟ್ಟೆಯ ಅಡಿಯಿಂದ ಉಮ್ಮನ ಕೈ ಹಿಡಿದುಕೊಂಡಿದ್ದರಂತೆ. ಅವರ ಹೆಸರು ಉಮ್ಮನಿಗೆ ಗೊತ್ತಿಲ್ಲ, ಮುಖವನ್ನೂ ನೋಡಿಲ್ಲ. ಇಂದಿಗೂ ದುಆದಲ್ಲಿ "ಕೈ ಹಿಡಿದ ಆ ಮಗಳು" ಎಂದು ನೆನೆಯುತ್ತಾರೆ.

ಪಟ್ಟಿ ಬಿಚ್ಚಿದ ಮೇಲೆ

ದೃಷ್ಟಿ ಮರಳಿದರೆ ಎಲ್ಲ ಸಿದ್ಧತೆಯೂ ಮುಗಿಯಿತೆಂದು ನಾವು ತಿಳಿದಿದ್ದೆವು. ಅದೂ ಹಾಗಲ್ಲ. ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರ ಮೋನೆ ಅವರಿಗೆ 1912ರಲ್ಲೇ ಪೊರೆಯಿದೆಯೆಂದು ಗೊತ್ತಾಯಿತು. ಬೇರೆ ಕಲಾವಿದರ ಶಸ್ತ್ರಚಿಕಿತ್ಸೆಗಳು ವಿಫಲವಾದುದನ್ನು ಕಂಡಿದ್ದ ಅವರು ಹತ್ತು ವರ್ಷ ಮುಂದೂಡಿದರು. ಗೆಳೆಯ ಕ್ಲೆಮೆನ್ಸೋ ವೈದ್ಯಕೀಯ ಓದಿದವರು, ದೇಶದ ಪ್ರಧಾನಿಯೂ ಆಗಿದ್ದವರು. ಅವರು ಮತ್ತೆ ಮತ್ತೆ ಧೈರ್ಯ ಹೇಳಿದ ಮೇಲೆ 1923ರಲ್ಲಿ, 82ನೇ ವಯಸ್ಸಿನಲ್ಲಿ ಬಲಗಣ್ಣನ್ನು ಒಪ್ಪಿಸಿದರು. ಆ ಕಾಲದಲ್ಲಿ ಕೃತಕ ಮಸೂರವಿರಲಿಲ್ಲ. ತಲೆ ಅಲುಗಾಡದಂತೆ ದಿನಗಟ್ಟಲೆ ಮಲಗಬೇಕಿತ್ತು. ಮೋನೆ ಸಿಟ್ಟಿನಿಂದ ಕಟ್ಟು ಕಿತ್ತುಹಾಕಲು ನೋಡಿದರು. ಕಂಡ ಬಣ್ಣಗಳು ಅವರಿಗೆ ಅಪರಿಚಿತವಾಗಿದ್ದವು. ಎಲ್ಲವೂ ಒಮ್ಮೆ ಹಳದಿ, ಒಮ್ಮೆ ನೀಲಿ. ಎರಡನೇ ಕಣ್ಣನ್ನು ಅವರು ಕೊನೆಗೂ ಮುಟ್ಟಗೊಡಲಿಲ್ಲ. ಆದರೂ ಬಣ್ಣದ ಕನ್ನಡಕ ಹಾಕಿಕೊಂಡು ಮತ್ತೆ ಕುಂಚ ಹಿಡಿದರು. ಅವರ ತಾವರೆಕೊಳದ ದೊಡ್ಡ ಚಿತ್ರಗಳು 1927ರಲ್ಲಿ, ಅವರ ಮರಣಾನಂತರ ಪ್ಯಾರಿಸಿನಲ್ಲಿ ಜನರಿಗೆ ತೆರೆದುಕೊಂಡವು.

ಮಬ್ಬಾದ ಮಸೂರ ನೀಲಿಯನ್ನು ತಡೆದು ಜಗತ್ತನ್ನು ನಿಧಾನವಾಗಿ ಹಳದಿಗೊಳಿಸುತ್ತದೆ. ಅದು ಹೋದಾಗ ಬಿಳಿ ಬಟ್ಟೆಯೂ ಕಣ್ಣು ಕೋರೈಸುತ್ತದೆ. ಉಮ್ಮನೂ ಮೊದಲ ದಿನ ತನ್ನ ನಮಾಝಿನ ವಸ್ತ್ರವನ್ನು ಯಾರು ಬದಲಾಯಿಸಿದರೆಂದು ಕೇಳಿದರು. ಅಡುಗೆಕೋಣೆಯ ಗೋಡೆಯ ಮಸಿ ಕಂಡು ಸೊಸೆಗೆ ಏನೋ ಹೇಳಹೊರಟು ಸುಮ್ಮನಾದರು. ಕನ್ನಡಿಯಲ್ಲಿ ತನ್ನ ಮುಖದ ನೆರಿಗೆಗಳನ್ನು ನೋಡಿ ಬಹಳ ಹೊತ್ತು ನಿಂತರು. ಬಳಿಕ ನಮ್ಮನ್ನು ಹತ್ತಿರ ಕರೆದು ದಿಟ್ಟಿಸಿ ನೋಡಿ, "ನಿನ್ನ ಗಡ್ಡ ಯಾವಾಗ ಇಷ್ಟು ನರೆಯಿತು ಮಗಾ?" ಎಂದರು. ಎರಡು-ಮೂರು ವರ್ಷಗಳಲ್ಲಿ ಅವರು ನಮ್ಮನ್ನು ನೋಡಿರಲಿಲ್ಲ. ಆದರೆ ಕಣ್ಣು ಸರಿಯಿದ್ದ ನಾವೂ ಅವರನ್ನು ನೋಡಿರಲಿಲ್ಲ. ನೋಡಿದ್ದರೆ, ಬೆರಳು ಮೊದಲ ಸಾಲಿನಲ್ಲೇ ನಿಂತದ್ದನ್ನು ಹೇಳಲು ಒಂದು ಮಗು ಬೇಕಾಗುತ್ತಿರಲಿಲ್ಲ.

ಆರು ವಾರದ ಬಳಿಕ ಎರಡನೇ ಕಣ್ಣಿಗೆ ದಿನ ನಿಗದಿಯಾಯಿತು. ಹಿಂದಿನ ರಾತ್ರಿ ಉಮ್ಮನಿಗೆ ಮತ್ತೆ ಹೆದರಿಕೆಯಾಯಿತು. ಈ ಸಲ ಅವರು ಅದನ್ನು ಹೇಳಿದರು. ನಾವು ಏನೂ ಇಲ್ಲ ಎನ್ನಲಿಲ್ಲ. ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡೆವು.

ಓದುಗರೇ, ನಿಮ್ಮ ಮನೆಯಲ್ಲೂ ಆಪರೇಶನ್ ಮುಂದೂಡುತ್ತಿರುವ ಒಬ್ಬರು ಹಿರಿಯರಿರಬಹುದು. ಅವರು ಹೇಳುತ್ತಿರುವ ಕಾರಣಕ್ಕೆ ಉತ್ತರ ಹುಡುಕುವ ಮೊದಲು ಇಂದು ಸಂಜೆ ಅವರ ಬಳಿ ಕುಳಿತು, ಯಾವುದರ ಹೆದರಿಕೆ ಎಂದು ಕೇಳಿ ನೋಡಿ. ಉತ್ತರ ಬರಲು ಸ್ವಲ್ಪ ಹೊತ್ತಾಗಬಹುದು. ಎದ್ದು ಹೋ��ಬೇಡಿ.